ಕೋಲಾರ ಸೀಮೆಯ ಒಳದಾರಿಗಳು

ಬೆಂಗಳೂರಿನಿಂದ ಮೂಡಲ ದಿಕ್ಕಿಗೆ ಹೊರಟು ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲುಗಳನ್ನು ಹಾದು ಚೆನ್ನೈ ಕಡೆಗೆ ಸಾಗುವ ದೊಡ್ಡ ರಸ್ತೆಯು ಒಂದಾನೊಂದು ಕಾಲದಲ್ಲಿ ಬಂಡಿ, ಜಟಕಾ, ಬೈಸಿಕಲ್ಲು, ಕಾಲ್ನಡಿಗೆಯವರು ಎಂಬ ಭೇದವಿಲ್ಲದೆ ಎಲ್ಲರ ಸೊತ್ತಾಗಿದ್ದಿತು. ಇಂದು ಅದು 75ನೆಯ ರಾಷ್ಟ್ರೀಯ ಹೆದ್ದಾರಿ. ಅದರ ಮೇಲೆ ಹಗಲಿರುಳೆನ್ನದೆ ಲಾರಿಗಳೂ ಕಾರುಗಳೂ ಹರಿಯುತ್ತಿರುವುದನ್ನು ಕಂಡವರಿಗೆ, ಅಲ್ಲಿ ಸೈಕಲ್ ತುಳಿಯುವುದೆಂದರೆ ಪ್ರಾಣವನ್ನು ಪಣಕ್ಕಿಡುವುದೇ ಸರಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಿಲ್ಲೆಯ ತೆಂಕಣ ಭಾಗದಲ್ಲಿ ಮಾಲೂರು, ಬಂಗಾರಪೇಟೆಗಳ ಸೀಮೆಯನ್ನು ಸೀಳಿಕೊಂಡು ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ರಸ್ತೆಯೆಂಬ ಇನ್ನೊಂದು ಹೊಸ ಮಾರ್ಗ ಹಾಯ್ದುಹೋಗಿದೆ; ಕರ್ನಾಟಕದೊಳಗಿನ ಅದರ ಸುಮಾರು 71 ಕಿಲೋಮೀಟರು ಭಾಗವು 2024ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆಯಿತು. ಅದು ವೇಗದ ವಾಹನಗಳಿಗಾಗಿಯೇ ಕಟ್ಟಿದ ದಾರಿ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನೂ ಯಂತ್ರವಿಲ್ಲದ ವಾಹನಗಳನ್ನೂ 2023ರ ಆಗಸ್ಟ್ 1ರಿಂದ ಹೊರಗಿಟ್ಟುದು ಪಾಠಕರಿಗೆ ನೆನಪಿರಬಹುದು. ಆ ಆಜ್ಞೆಯನ್ನು ನಾವು ತಪ್ಪೆನ್ನುವುದಿಲ್ಲ. ನೂರು ಕಿಲೋಮೀಟರು ವೇಗದ ಕಾರಿನ ಪಕ್ಕದಲ್ಲಿ ಹದಿನೈದು ಕಿಲೋಮೀಟರು ವೇಗದ ಸೈಕಲ್ಲು ಇರಬಾರದೆಂಬುದು ವಿವೇಕದ ಮಾತೇ. ಆದರೆ ಒಬ್ಬನನ್ನು ಒಂದು ಬಾಗಿಲಿನಿಂದ ಹೊರಗೆ ಕಳುಹಿಸುವ ಸರ್ಕಾರವು ಅವನಿಗೆ ಇನ್ನೊಂದು ಬಾಗಿಲನ್ನು ತೋರಿಸಬೇಕಾದುದು ನ್ಯಾಯವಲ್ಲವೆ?

ಸೈಕಲ್ ಪ್ರವಾಸವೆಂದೊಡನೆ ನಗುವವರೂ ಉಂಟು. ಬೆಂಗಳೂರಿನ ಕಂಪನಿಗಳಲ್ಲಿ ವಾರವಿಡೀ ಕುರ್ಚಿ ಬಿಟ್ಟೇಳದ ತರುಣರು ಭಾನುವಾರದ ಬೆಳಗಿನ ಜಾವ ತಲೆಗೆ ಹೆಲ್ಮೆಟ್ಟು ಬಿಗಿದು, ಬೆಲೆಬಾಳುವ ಗಾಡಿಯೇರಿ ಹೊರಡುವ ವಿಲಾಸವದು ಎಂದು ಅವರ ಭಾವನೆ. ವಿಲಾಸವೇ ಇರಲಿ. ಹೊಗೆಯುಗುಳದ, ಪೆಟ್ರೋಲು ಬೇಡದ, ದೇಹಕ್ಕೆ ಹಿತವಾದ ವಿಲಾಸವನ್ನು ಆಕ್ಷೇಪಿಸುವುದಕ್ಕೆ ನಮಗೆ ಕಾರಣ ಕಾಣದು. ಮುಂಬಯಿಯಿಂದ 1923ರ ಅಕ್ಟೋಬರಿನಲ್ಲಿ ಸೈಕಲ್ಲೇರಿ ಹೊರಟ ಆರು ಮಂದಿ ಪಾರ್ಸಿ ಯುವಕರಲ್ಲಿ ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗಾರಾ ಎಂಬ ಮೂವರು ಭೂಮಂಡಲವನ್ನೇ ಸುತ್ತಿ 1928ರಲ್ಲಿ ಮರಳಿದರು. ಅದನ್ನು ವಿಲಾಸವೆಂದು ತಳ್ಳಿಹಾಕುವ ಧೈರ್ಯ ಯಾರಿಗುಂಟು?

ಆದರೆ ನಮ್ಮ ವಾದವು ಪ್ರವಾಸಿಯೊಬ್ಬನನ್ನೇ ಆಧರಿಸಿ ನಿಂತಿಲ್ಲ. ಪ್ರವಾಸಿಗೆ ಯೋಗ್ಯವಾದ ನಿಶ್ಶಬ್ದ ರಸ್ತೆ ಯಾವುದೋ ಅದೇ ರಸ್ತೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುವ ರೈತನೂ, ಪಕ್ಕದೂರಿನ ಹೈಸ್ಕೂಲಿಗೆ ಹೋಗುವ ಹುಡುಗಿಯೂ ದಿನಕ್ಕೆರಡು ಬಾರಿ ಓಡಾಡುತ್ತಾರೆ. ನಮ್ಮ ರಾಜ್ಯದ ಸರ್ಕಾರವು 2006-07ನೆಯ ಸಾಲಿನಿಂದ ತೊಡಗಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲುಗಳನ್ನು ಹಂಚಿತು. ಕೋವಿಡ್ ಕಾಲದಲ್ಲಿ ಆ ಹಂಚಿಕೆ ನಿಂತುಹೋಯಿತು. ಹಂಚುತ್ತಿದ್ದ ಅಷ್ಟು ವರ್ಷಗಳಲ್ಲಿಯೂ ಗಾಡಿಯ ಬಣ್ಣ, ಗುಣ, ಟೆಂಡರುಗಳ ವಿಷಯವಾಗಿ ಆದ ಚರ್ಚೆಯ ಹತ್ತರಲ್ಲೊಂದು ಪಾಲು ಆ ಮಕ್ಕಳು ತುಳಿಯಬೇಕಾದ ದಾರಿಯ ವಿಷಯವಾಗಿ ಆದುದನ್ನು ನಾವು ಕೇಳಲಿಲ್ಲ. ದೂರದಿಂದ ಬರುವ ಪ್ರವಾಸಿಯ ನೆಪದಲ್ಲಾದರೂ ಊರಿನ ಮಕ್ಕಳ ದಾರಿಗೆ ರಕ್ಷಣೆ ದೊರೆಯುವುದಾದರೆ ಆ ನೆಪವನ್ನು ನಾವು ಸ್ವಾಗತಿಸುತ್ತೇವೆ.

ಸಂತೋಷದ ಸಂಗತಿಯೆಂದರೆ ಈ ದಾರಿಯನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಅದು ಈಗಾಗಲೇ ಇದೆ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯೂ ಅದರ ಜೊತೆಗೆ ನಡೆದ ರಾಜ್ಯದ ಗ್ರಾಮೀಣ ರಸ್ತೆಯ ಕೆಲಸಗಳೂ ಹಳ್ಳಿ ಹಳ್ಳಿಗೆ ಡಾಂಬರನ್ನು ಒಯ್ದಿವೆ. ಈ ರಸ್ತೆಗಳ ಅಗಲ ಸಾಮಾನ್ಯವಾಗಿ 3.75 ಮೀಟರು, ವಾಹನ ತೀರ ಕಡಿಮೆಯಿರುವೆಡೆ 3 ಮೀಟರು. ಎರಡು ಲಾರಿಗಳು ಎದುರುಬದುರಾದರೆ ಒಂದು ಮಣ್ಣಿಗಿಳಿಯಲೇಬೇಕು. ಲಾರಿಯವನಿಗೆ ಇದು ಕೊರತೆ, ಸೈಕಲ್ಲಿನವನಿಗೆ ಇದೇ ಕವಚ. ಅಲ್ಲದೆ ಕೋಲಾರ ಸೀಮೆಯು ಕೆರೆಗಳ ಸೀಮೆ. ಬಹಳ ಊರುಗಳಲ್ಲಿ ರಸ್ತೆಯು ಕೆರೆಯ ಏರಿಯ ಮೇಲೆಯೇ ಹಾಯುತ್ತದೆ. ಒಂದು ಮಗ್ಗುಲಿಗೆ ಅಂಗಳ, ಇನ್ನೊಂದು ಮಗ್ಗುಲಿಗೆ ಅಚ್ಚುಕಟ್ಟು. ಬಹುಕಾಲ ಬತ್ತಿ ಜಾಲಿ ಬೆಳೆದಿದ್ದ ಕೆರೆಗಳಲ್ಲಿ ಎಷ್ಟೋ ಕೆರೆಗಳು 2018ರ ಜೂನಿನಿಂದೀಚೆಗೆ ಬೆಂಗಳೂರಿನ ಸಂಸ್ಕರಿಸಿದ ನೀರಿನಿಂದ ತುಂಬಿವೆ. ಆ ನೀರಿನ ಗುಣದ ವಿಚಾರವಾಗಿ ನಡೆದಿರುವ ವಾದವು ಬೇರೆಯದು, ದೊಡ್ಡದು, ಇಲ್ಲಿ ಅದನ್ನೆತ್ತುವುದಿಲ್ಲ.

ಕೋಲಾರದ ಉತ್ತರದಲ್ಲಿರುವ ಕ್ಯಾಲನೂರನ್ನು ನಾವು ಉದಾಹರಣೆಗಾಗಿ ಆರಿಸಿಕೊಂಡಿರುವುದು ಬೇಕೆಂದೇ. ಪ್ರವಾಸಿಗಳ ಕೈಪಿಡಿಗಳಲ್ಲಿ ಅದರ ಹೆಸರು ಕಾಣುವುದು ಅಪರೂಪ. ಆದರೆ ದಾರಿಗಳನ್ನು ಹೆಣೆಯುವವನ ಕಣ್ಣಿಗೆ ಅದೊಂದು ಒಳ್ಳೆಯ ನೆಲೆ. ದಕ್ಷಿಣಕ್ಕೆ ಕೋಲಾರದ ಶತಶೃಂಗ ಪರ್ವತ, ಅಂತರಗಂಗೆ, ಕೋಲಾರಮ್ಮನ ಗುಡಿ. ಉತ್ತರಕ್ಕೆ ಚಿಂತಾಮಣಿ ತಾಲ್ಲೂಕಿನ ಕೈವಾರ. ಪೂರ್ವಕ್ಕೆ ಮಾವಿನ ತೋಪುಗಳ ಶ್ರೀನಿವಾಸಪುರ. ಶ್ರೀನಿವಾಸಪುರದಿಂದ ಒಳಗೊಳಗೇ ತೆಂಕಣಕ್ಕೆ ಇಳಿದರೆ ಏಕಶಿಲಾ ಗಣಪತಿಯ ಕುರುಡುಮಲೆ. ಅದರಾಚೆ 1887ರಲ್ಲಿ ಡಿ.ವಿ. ಗುಂಡಪ್ಪನವರು ಹುಟ್ಟಿದ ಮುಳಬಾಗಿಲು. ಅಲ್ಲಿ ರಾತ್ರಿ ತಂಗಿ, ಮರುದಿನ ನೊಳಂಬರ ಕಾಲದ ಗುಡಿಗಳಿರುವ ಆವನಿಯನ್ನು ನೋಡಿಕೊಂಡು ಕೋಲಾರದ ಮೇಲೆ ಕ್ಯಾಲನೂರಿಗೆ ಹಿಂದಿರುಗಬಹುದು. ಎರಡು ದಿನದ ಈ ಸುತ್ತು ಸಾಧಾರಣ ಕಾಲ್ಬಲವುಳ್ಳವನ ಅಳವಿಗೆ ಮೀರಿದುದಲ್ಲ. ಇನ್ನೂ ಒಂದು ದಿನ ಬಿಡುವುಳ್ಳವರು ಮಾಲೂರು ತಾಲ್ಲೂಕಿಗೆ ಹೊರಳಿ, ಶಿವಾರಪಟ್ಟಣದಲ್ಲಿ ಶಿಲ್ಪಿಗಳು ಕಲ್ಲು ಕೆತ್ತುವುದನ್ನೂ, ಟೇಕಲ್ಲಿನ ಹೆಬ್ಬಂಡೆಗಳನ್ನೂ, ವೆಂಕಟೇಶ ಅಯ್ಯಂಗಾರ್ಯರ ಹೆಸರಿನೊಡನೆ ನಾಡಿಗೆಲ್ಲ ಪರಿಚಿತವಾದ ಮಾಸ್ತಿ ಗ್ರಾಮವನ್ನೂ ನೋಡಿಕೊಂಡು ಮಾಲೂರಿನಲ್ಲಿ ರೈಲು ಹತ್ತಬಹುದು.

ಹಾಗಾದರೆ ಒಳದಾರಿಯನ್ನು ಆರಿಸುವುದು ಹೇಗೆ? ಇಂದಿನ ಮೊಬೈಲಿನ ನಕ್ಷೆಯು ಹತ್ತಿರದ ದಾರಿಯನ್ನು ತೋರಿಸುತ್ತದೆ, ಬೇಗ ಮುಟ್ಟುವ ದಾರಿಯನ್ನು ತೋರಿಸುತ್ತದೆ. ನೆಮ್ಮದಿಯ ದಾರಿಯನ್ನು ಅದು ಅರಿಯದು. ಅದಕ್ಕೆ ರಸ್ತೆಯ ಮಗ್ಗುಲಿನ ಕಲ್ಲನ್ನು ನೋಡಬೇಕು. ಕಿಲೋಮೀಟರು ಕಲ್ಲಿನ ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸುರಾಗಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾಗಿದ್ದರೆ ಗ್ರಾಮ ಸಡಕ್ ಯೋಜನೆಯ ಹಳ್ಳಿಯ ರಸ್ತೆ. ಹಳದಿಯನ್ನು ದಾಟಬೇಕು, ಅದರ ಮೇಲೆ ಸಾಗಬಾರದು. ಹಸುರಿನ ಮೇಲೆ ಅನಿವಾರ್ಯವಾದಷ್ಟು ಮಾತ್ರ ಸಾಗಬೇಕು. ಉಳಿದ ಪ್ರವಾಸವನ್ನೆಲ್ಲ ಕಿತ್ತಳೆಯ ಮೇಲೆ ನಡೆಸಬೇಕು. ಇದಕ್ಕಿಂತಲೂ ನಂಬಬಹುದಾದ ಗುರುತು ಇನ್ನೊಂದಿದೆ. ಸುಗ್ಗಿಯ ಕಾಲದಲ್ಲಿ ರೈತರು ಯಾವ ರಸ್ತೆಯ ಮೇಲೆ ರಾಗಿ ತೆನೆಯನ್ನೂ ಹುರುಳಿಯ ಬಳ್ಳಿಯನ್ನೂ ಧೈರ್ಯದಿಂದ ಹರಡುವರೋ ಆ ರಸ್ತೆ ನಿಶ್ಶಬ್ದವಾದುದೆಂದು ಕಣ್ಣು ಮುಚ್ಚಿ ಹೇಳಬಹುದು. ಈ ಒಕ್ಕಣೆಯನ್ನು ಅಧಿಕಾರಿಗಳು ನಿಷೇಧಿಸುತ್ತಲೇ ಬಂದಿರುವರು, ರೈತರು ಮಾಡುತ್ತಲೇ ಬಂದಿರುವರು. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡರೆ ಸೈಕಲ್ಲಿನವನು ಇಳಿದು ಬಿಡಿಸಿಕೊಳ್ಳುವನು. ಕಾರಿನವನಿಗಾದರೋ ಬೆಂಕಿಯ ಭಯವಿದೆ. ಊರೂರಿಗೆ ಒಂದೊಂದು ಒಳ್ಳೆಯ ಕಣವನ್ನು ಕಟ್ಟಿಕೊಡುವವರೆಗೆ ಈ ಜಗಳ ಮುಗಿಯುವಂತಿಲ್ಲ.

ದಾರಿಗೆ ಕಾಲವೂ ಕೂಡಬೇಕು. ಒಂದೇ ರಸ್ತೆ ಒಂದು ಹೊತ್ತಿನಲ್ಲಿ ಸಾಧುವಾಗಿಯೂ ಇನ್ನೊಂದು ಹೊತ್ತಿನಲ್ಲಿ ಉಗ್ರವಾಗಿಯೂ ಇರುತ್ತದೆ. ನರಸಾಪುರ, ವೇಮಗಲ್ಲುಗಳ ಕೈಗಾರಿಕಾ ಪ್ರದೇಶಗಳ ಸುತ್ತಣ ಹಳ್ಳಿಯ ರಸ್ತೆಗಳಲ್ಲಿ ಪಾಳಿ ಬದಲಾಗುವ ಸಮಯಕ್ಕೆ ಕಾರ್ಖಾನೆಯ ಬಸ್ಸುಗಳ ಸಾಲು ನುಗ್ಗುತ್ತದೆ. ನಡುಹೊತ್ತಿನಲ್ಲಿ ಅವೇ ರಸ್ತೆಗಳು ಬರಿದಾಗಿರುತ್ತವೆ. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಬರುವ ಮಳೆಗಾಲದ ತಿಂಗಳುಗಳಲ್ಲಿ ಊರಿನ ಸುತ್ತ ಕ್ರೇಟುಗಳನ್ನು ಹೇರಿದ ಗಾಡಿಗಳ ಅವಸರವೇ ಅವಸರ. ಮೇ, ಜೂನ್ ತಿಂಗಳುಗಳಲ್ಲಿ ಶ್ರೀನಿವಾಸಪುರದ ಸುತ್ತ ಮಾವಿನ ಲಾರಿಗಳಿಗೆ ದಾರಿ ಬಿಡಬೇಕು. ಇನ್ನು ಆಷಾಢದ ಗಾಳಿಯನ್ನು ಬೆಂಗಳೂರಿನವರು ಮರೆಯುವುದೇ ಹೆಚ್ಚು. ಜೂನಿನಿಂದ ಆಗಸ್ಟಿನವರೆಗೆ ಅದು ಪಡುವಣದಿಂದ ಬಲವಾಗಿ ಬೀಸುವುದರಿಂದ ಕೋಲಾರದ ಕಡೆಗೆ ಹೋಗುವವನನ್ನು ಬೆನ್ನು ಹಿಡಿದು ನೂಕುತ್ತದೆ. ಅವನು ತನ್ನ ಕಾಲ್ಬಲವನ್ನೇ ಮೆಚ್ಚಿಕೊಳ್ಳುತ್ತ ಮುಳಬಾಗಿಲನ್ನು ಮುಟ್ಟುತ್ತಾನೆ. ಹಿಂದಿರುಗುವಾಗ ನಿಜ ತಿಳಿಯುತ್ತದೆ. ಅಂತಹವನು ಹೋಗುವಾಗ ಸೈಕಲ್ಲನ್ನು ತುಳಿದು, ಬರುವಾಗ ಬಂಗಾರಪೇಟೆಯಲ್ಲಿ ಅದನ್ನು ರೈಲಿಗೆ ಹಾಕುವುದು ಜಾಣತನ.

ಈ ಎಲ್ಲಕ್ಕಿಂತ ಮುಖ್ಯವಾದ, ಅಧಿಕಾರಿಗಳು ಮೊಟ್ಟಮೊದಲು ಗಮನಿಸಬೇಕಾದ ಸಂಗತಿ ಒಂದುಂಟು. ಒಳದಾರಿಗಳ ಯೋಜನೆಯನ್ನು ರಸ್ತೆಗಳಿಂದ ಆರಂಭಿಸಬಾರದು, ದಾಟುಗಳಿಂದ ಆರಂಭಿಸಬೇಕು. 75ನೆಯ ಹೆದ್ದಾರಿಯು ಜಿಲ್ಲೆಯನ್ನು ಉತ್ತರ, ದಕ್ಷಿಣವೆಂದು ಎರಡಾಗಿ ಕಡಿದಿದೆ. ಕ್ಯಾಲನೂರು, ಶ್ರೀನಿವಾಸಪುರ, ಕುರುಡುಮಲೆಗಳು ಅದರ ಉತ್ತರಕ್ಕೆ. ಆವನಿ, ಬಂಗಾರಪೇಟೆ, ಮಾಲೂರುಗಳು ದಕ್ಷಿಣಕ್ಕೆ. ಎಕ್ಸ್‌ಪ್ರೆಸ್ ರಸ್ತೆಯು ಆ ದಕ್ಷಿಣ ಭಾಗದಲ್ಲಿ ಇನ್ನೊಂದು ಗೋಡೆಯನ್ನೆಬ್ಬಿಸಿದೆ. ರೈಲುಹಳಿಗಳು ಮೂರನೆಯವು. ಮೇಲೆ ಹೇಳಿದ ಎರಡು ದಿನದ ಸುತ್ತಿನಲ್ಲಿಯೇ ಮುಳಬಾಗಿಲಿನ ಬಳಿ ಒಮ್ಮೆ, ಕೋಲಾರದ ಬಳಿ ಒಮ್ಮೆ ಹೆದ್ದಾರಿಯನ್ನು ದಾಟಬೇಕಾಗುತ್ತದೆ. ಅರವತ್ತು ಕಿಲೋಮೀಟರು ಹಾದಿ ಎಷ್ಟೇ ಪ್ರಶಾಂತವಾಗಿರಲಿ, ನಡುವಿನ ವಿಭಜಕದ ಸಂದಿನಲ್ಲಿ ನಿಂತು ಎರಡೂ ಕಡೆಯ ಲಾರಿಗಳನ್ನು ನೋಡುತ್ತ ಓಡಿ ದಾಟಬೇಕಾದ ಆ ಒಂದು ಗಳಿಗೆ ಇಡೀ ದಾರಿಯನ್ನು ಕೆಡಿಸುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಅಂತಹ ದಾರಿಯನ್ನು ಎರಡನೆಯ ಬಾರಿ ಹಿಡಿಯುವುದಿಲ್ಲ.

ಹೆದ್ದಾರಿಯ ಕೆಳಗೆ ಸೇತುವೆಗಳಿಲ್ಲವೆಂದಲ್ಲ. ಆದರೆ ಯಾವ ಕೆಳದಾರಿಯಲ್ಲಿ ಬೇಸಗೆಯಲ್ಲಿ ಧೂಳು ಮಾತ್ರ, ಯಾವುದರಲ್ಲಿ ಮಳೆಗಾಲದಲ್ಲಿ ಮೊಣಕಾಲುದ್ದ ನೀರು, ಯಾವುದಕ್ಕೆ ಸೇರಬೇಕಾದರೆ ಸರ್ವೀಸ್ ರಸ್ತೆಯಲ್ಲಿ ವಾಹನಗಳಿಗೆದುರಾಗಿ ಹೋಗಬೇಕು ಎಂಬ ವಿವರವು ಸುತ್ತಲಿನ ಹಳ್ಳಿಗರಿಗೆ ಮಾತ್ರ ಗೊತ್ತು. ರೈಲ್ವೆಯವರದೂ ಇದೇ ಕಥೆ. ಬ್ರಾಡ್‌ಗೇಜ್ ಹಳಿಗಳ ಮೇಲಿನ ಕಾವಲಿಲ್ಲದ ಗೇಟುಗಳನ್ನೆಲ್ಲ 2019ರ ಜನವರಿಯ ಹೊತ್ತಿಗೆ ದೇಶದಲ್ಲೆಲ್ಲ ತೆಗೆದುಹಾಕಿದುದು ಪ್ರಾಣ ಉಳಿಸಿದ ಕೆಲಸ. ಎಷ್ಟೋ ಕಡೆ ಅವುಗಳ ಬದಲಿಗೆ ಬಂದ ಕೆಳಸೇತುವೆಗಳು ಮಳೆ ಬಂದೊಡನೆ ಕುಂಟೆಗಳಾಗುತ್ತವೆ ಎಂಬುದೂ ಅಷ್ಟೇ ನಿಜ. ಆದುದರಿಂದ ಸುರಕ್ಷಿತವಾದ ದಾಟುಗಳನ್ನು ಮೊದಲು ನಕ್ಷೆಯ ಮೇಲೆ ಗುರುತಿಸಿ, ಅವುಗಳನ್ನು ಒಂದಕ್ಕೊಂದು ಸೇರಿಸುವ ಹಳ್ಳಿಯ ರಸ್ತೆಗಳನ್ನು ಆಮೇಲೆ ಆರಿಸಬೇಕು.

ಆರಿಸಿದ ದಾರಿಯನ್ನು ಪ್ರಯಾಣಿಕನಿಗೆ ತಿಳಿಸುವ ಬಗೆ ಯಾವುದು? ಇಲ್ಲಿ ಬೆಲ್ಜಿಯಂ ದೇಶದ ಒಂದು ನಿದರ್ಶನವು ಕೋಲಾರದವರಿಗೆ ವಿಶೇಷವಾಗಿ ಹಿಡಿಸಬೇಕು. ಅಲ್ಲಿಯ ಲಿಂಬುರ್ಗ್ ಪ್ರಾಂತವು ಕಲ್ಲಿದ್ದಲ ಗಣಿಗಳ ಸೀಮೆ. ಗಣಿಗಳು ಮುಚ್ಚಿ ಜನರು ಕೆಲಸ ಕಳೆದುಕೊಂಡಾಗ ಹ್ಯೂಗೋ ಬೊಲೆನ್ ಎಂಬ ಗಣಿಯ ಎಂಜಿನಿಯರು, ಇರುವ ಸಣ್ಣ ರಸ್ತೆಗಳನ್ನೇ ಹೆಣೆದು ಸೈಕಲ್ ಪ್ರವಾಸಿಗಳನ್ನು ಬರಮಾಡಿಕೊಳ್ಳುವ ಉಪಾಯವನ್ನು ಹೂಡಿದರು. ದಾರಿಗಳು ಕೂಡುವ ಒಂದೊಂದು ಸ್ಥಳಕ್ಕೂ ಒಂದೊಂದು ಸಂಖ್ಯೆ. ಆ ಸಂಖ್ಯೆಯ ಫಲಕದಲ್ಲಿ ಮುಂದಿನ ಸಂಖ್ಯೆಗಳ ಕಡೆಗೆ ಬಾಣದ ಗುರುತು. ಪ್ರವಾಸಿಯು ತನ್ನ ಚೀಟಿಯಲ್ಲಿ ನಾಲ್ಕಾರು ಸಂಖ್ಯೆಗಳನ್ನು ಬರೆದುಕೊಂಡು ಹೊರಟರೆ ಯಾರನ್ನೂ ಕೇಳದೆ ದಿನವಿಡೀ ಸುತ್ತಿ ಬರಬಹುದು. 1995ರಲ್ಲಿ ಅಲ್ಲಿ ಮೊದಲಾದ ಈ ಪದ್ಧತಿಯು ಬೆಲ್ಜಿಯಂ, ನೆದರ್ಲೆಂಡುಗಳಲ್ಲೆಲ್ಲ ಹಬ್ಬಿತು. ನಮ್ಮ ಕೋಲಾರದ ಚಿನ್ನದ ಗಣಿಗಳೂ 2001ರ ಫೆಬ್ರವರಿ 28ರಂದು ಮುಚ್ಚಿದುವು. ಆ ಊರಿನ ಜನರು ಇಂದಿಗೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಮೆಗೆ ಹೋಗಿ ರಾತ್ರಿ ಹಿಂದಿರುಗುತ್ತಿರುವರು. ಸೈಕಲ್ಲುಗಳಿಂದ ಗಣಿಯಷ್ಟು ಸಂಬಳ ಹುಟ್ಟುವುದೆಂದು ನಾವು ಹೇಳುವಷ್ಟು ಭೋಳೆಗಳಲ್ಲ. ಹಳ್ಳಿಯ ಟೀ ಅಂಗಡಿಗೆ, ಎಳನೀರು ಮಾರುವವನಿಗೆ, ಮುಳಬಾಗಿಲಿನ ದೋಸೆಯ ಹೋಟೆಲಿಗೆ, ಪಂಕ್ಚರು ಹಾಕುವವನಿಗೆ ನಾಲ್ಕು ಕಾಸು ಸಿಕ್ಕರೂ ಅದು ಅಲ್ಲಿಯೇ ಉಳಿಯುವ ಕಾಸು.

ಆಕ್ಷೇಪಗಳು ಬಾರದಿರವು. ಹಳ್ಳಿಗರು ರಸ್ತೆಯನ್ನು ಅಗಲ ಮಾಡಿರೆಂದು ಕೇಳುತ್ತಿರುವಾಗ, ಕಿರಿದಾಗಿಯೇ ಇರಲೆಂದು ಪೇಟೆಯವರು ಹೇಳುವುದು ಎಂತಹ ಉಪಕಾರ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಬಸ್ಸು ಬಾರದ ಊರಿಗೆ ಬಸ್ಸು ಬರುವಷ್ಟು, ಆಂಬ್ಯುಲೆನ್ಸು ತಡೆಯಿಲ್ಲದೆ ಹೋಗುವಷ್ಟು ರಸ್ತೆ ಆಗಲೇಬೇಕು. ಅದಕ್ಕೆ ಅಡ್ಡ ಬರುವ ಸೈಕಲ್ ಪ್ರೇಮ ನಮಗೆ ಬೇಡ. ಆದರೆ ಅಗಲವಾದ ಮೇಲೆ ಆ ರಸ್ತೆ ಯಾರಿಗೆ ಸೇರುತ್ತದೆ ಎಂಬುದನ್ನೂ ಹಳ್ಳಿಗರು ನೋಡಿಯೇ ಇದ್ದಾರೆ. ಕಲ್ಲುಗಣಿ, ಜಲ್ಲಿ ಕ್ರಷರುಗಳಿರುವೆಡೆ ಟಿಪ್ಪರುಗಳು ಒಳದಾರಿಯನ್ನು ಹಿಡಿದು, ಹಗುರವಾದ ಹೊರೆಗೆಂದು ಹಾಕಿದ ಡಾಂಬರನ್ನು ಒಂದೆರಡು ಮಳೆಗಾಲದಲ್ಲಿ ಕಿತ್ತು ಹಾಕುತ್ತವೆ. ಅಲ್ಲಿ ಮನೆಯವರು ಮಕ್ಕಳನ್ನು ಸೈಕಲ್ಲಿನಲ್ಲಿ ಶಾಲೆಗೆ ಕಳುಹಿಸಲು ಹಿಂದೆಗೆಯುತ್ತಾರೆ. ಹೆಣ್ಣುಮಕ್ಕಳ ಓದು ಎಷ್ಟೋ ಮನೆಗಳಲ್ಲಿ ಅಲ್ಲಿಗೆ ನಿಲ್ಲುತ್ತದೆ. ಇದನ್ನು ತಡೆಯುವುದಕ್ಕೆ ಹೊಸ ಕಾನೂನು ಬೇಕಾಗಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 115ನೆಯ ಪ್ರಕರಣವು, ಸಾರ್ವಜನಿಕರ ಸುರಕ್ಷತೆಗಾಗಿಯೋ ರಸ್ತೆ ಸೇತುವೆಗಳ ಸ್ಥಿತಿಯ ಕಾರಣದಿಂದಲೋ ಇಂತಿಂತಹ ರಸ್ತೆಯಲ್ಲಿ ಇಂತಿಂತಹ ಮೋಟಾರು ವಾಹನಗಳು ಹೋಗಬಾರದೆಂದು ವಿಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೂ ಅದು ನೇಮಿಸಿದ ಅಧಿಕಾರಿಗೂ ಕೊಟ್ಟಿದೆ. ಎಕ್ಸ್‌ಪ್ರೆಸ್ ರಸ್ತೆಯಿಂದ ಸೈಕಲ್ಲನ್ನು ಹೊರಗಿಡುವುದಕ್ಕೆ ಅಧಿಕಾರವುಂಟು. ಕೆರೆ ಏರಿಯಿಂದ ಇಪ್ಪತ್ತು ಟನ್ನಿನ ಟಿಪ್ಪರನ್ನು ಹೊರಗಿಡುವುದಕ್ಕೂ ಅಧಿಕಾರವುಂಟು. ಮೊದಲನೆಯದನ್ನು ಉಪಯೋಗಿಸುವ ಉತ್ಸಾಹ ಎರಡನೆಯದರಲ್ಲಿಯೂ ಕಾಣಬೇಕೆಂದು ನಾವು ಕೇಳುತ್ತೇವೆ.

ಡಾಂಬರಿಲ್ಲದ ದಾರಿಗಳ ಮಾತೊಂದು ಉಳಿದಿದೆ. ಕಂದಾಯ ಇಲಾಖೆಯ ಗ್ರಾಮ ನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗೆರೆ ಎಳೆದು ತೋರಿಸಿದೆ. ನಕಾಶೆ ಕಂಡ ದಾರಿಯೆಂದು ಅವಕ್ಕೆ ಹೆಸರು. ಅವು ಸಾರ್ವಜನಿಕರ ಸೊತ್ತು. ಎರಡು ಹಳ್ಳಿಗಳ ನಡುವೆ ಸುತ್ತು ಬಳಸಿ ಹೆದ್ದಾರಿಗೆ ಬರಬೇಕಾದ ತೊಂದರೆಯನ್ನು ಇಂತಹ ಒಂದು ಕಿಲೋಮೀಟರು ಬಂಡಿದಾರಿ ತಪ್ಪಿಸಬಲ್ಲುದು. ಆದರೆ ಭೂಮಿಯ ಬೆಲೆ ಏರಿದಂತೆಲ್ಲ ಅವುಗಳನ್ನು ಪಕ್ಕದ ಬೇಲಿಗಳು ನುಂಗುತ್ತಿವೆ, ಲೇಔಟುಗಳು ನುಂಗುತ್ತಿವೆ. ತಹಸೀಲ್ದಾರರ ಕಚೇರಿಗೆ ಬರುವ ಅರ್ಜಿಗಳೇ ಇದಕ್ಕೆ ಸಾಕ್ಷಿ. ಜನರು ದಿನವೂ ನಡೆಯುವ, ತುಳಿಯುವ ದಾರಿಯನ್ನು ನುಂಗುವುದು 'ಯಾರೂ ಓಡಾಡದ' ದಾರಿಯನ್ನು ನುಂಗುವಷ್ಟು ಸುಲಭವಲ್ಲ. ಒಳದಾರಿಗಳ ಪಟ್ಟಿಯಲ್ಲಿ ಇಂತಹವನ್ನು ಸೇರಿಸುವುದರಿಂದ ಒತ್ತುವರಿಗೂ ಒಂದು ತಡೆ ಹಾಕಿದಂತಾಗುತ್ತದೆ.

ಕೆಲಸ ಯಾರದು ಎಂಬ ಪ್ರಶ್ನೆಯೇ ನಮ್ಮಲ್ಲಿ ಕೆಲಸವನ್ನು ನಿಲ್ಲಿಸುವುದು. ಹೆದ್ದಾರಿ ಕೇಂದ್ರದ ಪ್ರಾಧಿಕಾರದ್ದು, ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದು, ಹಳ್ಳಿಯ ರಸ್ತೆ ಪಂಚಾಯತ್ ರಾಜ್ ಎಂಜಿನಿಯರರದು, ಕೆಳಸೇತುವೆ ರೈಲ್ವೆಯವರದು, ಬಂಡಿದಾರಿ ಕಂದಾಯದವರದು. ಇವರೆಲ್ಲರನ್ನೂ ಒಂದು ಮೇಜಿನ ಸುತ್ತ ಕೂಡಿಸಬಲ್ಲವರು ಜಿಲ್ಲಾಧಿಕಾರಿಗಳೊಬ್ಬರೇ. ಅವರನ್ನು ನಾವು ಕೋಟಿಗಳ ಯೋಜನೆಯನ್ನು ಕೇಳುತ್ತಿಲ್ಲ. ಕ್ಯಾಲನೂರಿನಿಂದ ಶ್ರೀನಿವಾಸಪುರ, ಕುರುಡುಮಲೆ, ಮುಳಬಾಗಿಲು, ಆವನಿಗಳನ್ನು ಸುತ್ತಿ ಬರುವ ಒಂದೇ ಒಂದು ಸುತ್ತನ್ನು ಮೊದಲು ಕೈಗೆತ್ತಿಕೊಳ್ಳಲಿ. ಕೂಡುದಾರಿಗಳ ಕಲ್ಲಿನ ಮೇಲೆ ಸಂಖ್ಯೆಗಳನ್ನು ಬರೆಯಿಸಲಿ. ಹಂಪುಗಳಿಗೆ ಸುಣ್ಣ ಬಳಿಯಿಸಲಿ. ಬಳಿಯದ ಹಂಪು ಮುಂಜಾವಿನಲ್ಲಿ ಸೈಕಲ್ಲಿನವನ ಹಲ್ಲು ಮುರಿಯುವ ಯಂತ್ರ. ಕುಡಿಯುವ ನೀರಿನ ಘಟಕ ಎಲ್ಲಿದೆ ಎಂಬುದನ್ನು ಫಲಕದಲ್ಲಿ ಕಾಣಿಸಲಿ. ಅರವಟ್ಟಿಗೆಗಳಿದ್ದ ನಾಡಿನಲ್ಲಿ ಇದನ್ನು ಯಾರೂ ಹೊಸದೆನ್ನಲಾರರು. ಎರಡು ಹೆದ್ದಾರಿ ದಾಟುಗಳನ್ನು ಮಾತ್ರ ಎಂಜಿನಿಯರುಗಳು ಸ್ವತಃ ಹೋಗಿ ಪರೀಕ್ಷಿಸಬೇಕು. ಒಳ್ಳೆಯ ಮಳೆ ಬಿದ್ದ ಮರುದಿನ ಬೆಳಿಗ್ಗೆ, ಶಾಲೆಗೆ ಮಕ್ಕಳು ಹೊರಡುವ ಹೊತ್ತಿಗೆ, ಸೈಕಲ್ಲಿನ ಮೇಲೆಯೇ ಹೋಗಬೇಕು. ಜೀಪಿನಲ್ಲಿ ಕುಳಿತು ದಾಟಿದವರಿಗೆ ಕೆಳದಾರಿಯ ನೀರಿನ ಆಳ ತಿಳಿಯುವುದಿಲ್ಲ.